ಮನೇಲಿ ಒಬ್ಬರಿಗೆ ಜ್ವರ ಬಂದ್ರೆ ಉಳಿದವರು ಎಂತ ಮಾಡ್ಬೇಕು

ಕೊರೊನಾದಂಥದ್ದು ಹರಡುವಾಗ ಮನೇಲಿ ಯಾರಿಗಾದ್ರೂ ಜ್ವರ ಬಂದ್ರೆ ಮೊದ್ಲು ಅವರಿಗೊಂದು ಕೋಣೆ ಬಿಟ್ಟುಕೊಡಿ, ಮತ್ತೆ ನಮ್ಮ ಮಂಗಳೂರಿನ ಮಳೆಗೆ ಎಲ್ಲ ಕಿಟಕಿ ಹಾಕಿ ಕೂರುವ ಅಭ್ಯಾಸ ಉಂಟಲ್ವಾ, ಅದು ಬೇಡ, ನೀರು ಹೊಡೆಯದ ಬದಿಯದ್ದಾದ್ರೂ ತೆಗೆದಿಡಿ, ಗಾಳಿ ಆಡ್ಲಿ. ಗಂಜಿ, ಉಪ್ಪಿನಕಾಯಿ ಬಾಗಿಲ ಹತ್ರ ಇಟ್ಟು ಬನ್ನಿ, ಒಳಗೆ ಹೋಗ್ಲೇಬೇಕಾದ್ರೆ ಇಬ್ರೂ ಮಾಸ್ಕ್ ಹಾಕಿ. ಮಳೆಗೆ ಒದ್ದೆಯಾದ ಮಾಸ್ಕ್ ಪ್ರಯೋಜನ ಇಲ್ಲ, ಬ್ಯಾಗಲ್ಲಿ ಒಣಗಿದ್ದು ಇನ್ನೊಂದು ಇರ್ಲಿ. ಕೈಗೆ ಸೋಪು, 20 ಸೆಕೆಂಡ್.

ಆಕ್ಸಿಮೀಟರ್, ಅಂದ್ರೆ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಎಷ್ಟು ಶೇಕಡಾ ಉಂಟು ಅಂತ ನೋಡುವ ಯಂತ್ರ, ಅದನ್ನು ನೋಡುವಾಗ ಅವಸರ ಬೇಡ. ಅಜ್ಜಿಯ ಬೆರಳು ತಣ್ಣಗಿದ್ರೆ ತಪ್ಪು ತೋರಿಸ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿ, 5 ನಿಮಿಷ ಸುಮ್ನೆ ಕೂರಿಸಿ, ನೇಲ್ ಪಾಲಿಶ್ ಇದ್ರೆ ತೆಗೀರಿ, ಆಮೇಲೆ ಹಾಕಿ. 94ಕ್ಕಿಂತ ಕಮ್ಮಿ ಬಂದ್ರೆ, ಅಥವಾ ನಂಬರ್ ಎಷ್ಟೇ ಇದ್ರೂ ಉಸಿರಾಡ್ಲಿಕ್ಕೆ ಕಷ್ಟ ಆಗ್ತಿದ್ರೆ, ಕಷಾಯ ಕುಡಿಸಿ ಕಾಯ್ಬೇಡಿ ದಯವಿಟ್ಟು, 108ಕ್ಕೆ ಫೋನ್ ಮಾಡಿ.

ಸಣ್ಣ ಮಕ್ಕಳಿಗೆ ಬಿಸಿನೀರಿನ ಹಬೆ ಬೇಡವೇ ಬೇಡ, ಪಾತ್ರೆ ಮಗುಚಿದ್ರೆ ಮೈಯೆಲ್ಲ ಸುಡ್ತದೆ.

ಇಂಥ ಹೊತ್ತಲ್ಲಿ ಮನಸ್ಸೂ ನೋಡ್ಕೊಳ್ಬೇಕು. ಜ್ವರ ಇಲ್ಲದಿದ್ರೂ ಕಾಲೇಜಿಗೆ ಹೋಗುವ ಮಗ ಬಾಗಿಲು ಹಾಕ್ಕೊಂಡು ಊಟಕ್ಕೂ ಬರ್ತಿಲ್ಲ ಅಂತಾದ್ರೆ ಬೈಬೇಡಿ, ಸಂಜೆ ಜಗಲಿಯಲ್ಲಿ ಜೊತೆಗೆ ಕೂತು ಮಾತಾಡ್ಸಿ, ನಮ್ಮತ್ರ ಹೇಳ್ಳಿಕ್ಕಾಗದ್ದು ಇದ್ರೆ ಮನಸ್ಸಿನ ಕಷ್ಟ ಹೇಳ್ಕೊಳ್ಲಿಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಉಂಟು, ನಂಬರ್ 14416, ದುಡ್ಡು ಕೊಡ್ಲಿಕ್ಕಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.