ಬೇಲಿ ಮಾಡಿಸುವ ಮೊದಲು ಹಳೆ ಬೆಡ್‌ಶೀಟ್ ಕಟ್ಟಿ ನೋಡಿ
ಮನೆ ಮುಂದೆ ಹೊಸ ಮಾದರಿಯ ಬೇಲಿ ಹಾಕಿಸ್ತೀರಾ? ಡಿಸೈನ್ ಪಕ್ಕಾ ಮಾಡುವ ಮೊದಲು ಅದೇ ಜಾಗದಲ್ಲಿ ಎರಡು ಕೋಲು ನೆಟ್ಟು, ಅಂದುಕೊಂಡ ಎತ್ತರಕ್ಕೆ ಹಗ್ಗ ಬಿಗಿದು, ಹಳೆ ಬೆಡ್‌ಶೀಟ್ ಇಳಿಬಿಡಿ. ಎರಡು ದಿನ ಹಾಗೇ ಇರಲಿ. ರಸ್ತೆಯಿಂದ ನೋಡಿ, ಒಳಗೆ ಕುರ್ಚಿಯಲ್ಲಿ ಕೂತು ನೋಡಿ, ಕಾರು ಹೊರಗೆ ತೆಗೆಯುವಾಗ ಡ್ರೈವರ್ ಸೀಟಿನಿಂದಲೂ ನೋಡಿ (ಇದನ್ನೇ ಜಾಸ್ತಿ ಜನ ಮರೆಯೋದು). ನಿಂತಾಗ ನಮ್ಮ ಕಣ್ಣು ಸುಮಾರು 5 ಅಡಿ ಎತ್ತರದಲ್ಲಿರುತ್ತದೆ, ಕೂತಾಗ 4 ಅಡಿಯ ಆಸುಪಾಸು. ಹಾಗಾಗಿ ಫೋಟೋದಲ್ಲಿ ಚೆಂದ ಕಂಡ ಬೇಲಿ ಕೂತವರಿಗೆ ಬರೀ ಗೋಡೆ ಆಗಿಬಿಡಬಹುದು. ಸಂದು ಬಿಟ್ಟ ಪಟ್ಟಿಗಳ ಡಿಸೈನ್ ಆದರೆ ಬೆಡ್‌ಶೀಟ್ ಸಾಲದು, ರಟ್ಟನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಅಷ್ಟೇ ಸಂದು ಬಿಟ್ಟು ಕಟ್ಟಿ. ಉದ್ದಪಟ್ಟಿ ಎದುರಿನಿಂದ ಒಳಗೆಲ್ಲ ತೋರಿಸುತ್ತದೆ, ಓರೆಯಿಂದ ನೋಡಿದರೆ ಮುಚ್ಚಿಕೊಳ್ಳುತ್ತದೆ. ಅಡ್ಡಪಟ್ಟಿ ನೋಡೋಕೆ ಸೊಗಸು, ಆದರೆ ಚಿಕ್ಕ ಮಕ್ಕಳಿಗೆ ಅದು ಏಣಿ ಇದ್ದಂಗೆ! ಜಾಗ ಇಳಿಜಾರಾಗಿದ್ದರೆ ಒಂದೇ ಕಡೆ ಕಟ್ಟಿ ನೋಡಿದರೆ ಮೋಸ ಹೋಗ್ತೀರಿ, ಎರಡೂ ತುದಿಯಲ್ಲಿ ಕಟ್ಟಬೇಕು. ಗಾಳಿಗೆ ಬೇಲಿ ನಿಲ್ಲುತ್ತಾ ಅನ್ನೋದು ಮಾತ್ರ ಇದರಿಂದ ಗೊತ್ತಾಗಲ್ಲ, ಅದನ್ನು ಬೇಲಿ ಮಾಡುವವರ ಹತ್ತಿರವೇ ಕೇಳಿ.