ಊದುಬತ್ತಿ ಹೊಗೆಯಲ್ಲಿ ಸಿಕ್ಕ ಏರ್ ಲೀಕು

ನನ್ನ ಹಳೇ ಬ್ರಿಟಿಷ್ ಕಾರು ಮಾರಿಸ್ ಮೈನರ್ ಈಗ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ನಿಂತರೂ ಆಫ್ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಎಂಜಿನ್ ಎಲ್ಲಿಂದ ಕಳ್ಳಗಾಳಿ ಎಳೀತಿದೆ ಅಂತ ಊದುಬತ್ತಿ ಹೊಗೆ ಬಿಟ್ಟು ಹುಡುಕ್ತೀನಿ ಅಂದಾಗ ನಕ್ಕವರು ಕಮ್ಮಿ ಇಲ್ಲ. ವಿಲ್ಸನ್ ಗಾರ್ಡನ್‌ನ ಮೆಕ್ಯಾನಿಕ್ ಭಾಯ್ ಅಂತೂ, "ಸಾರ್, ಆಯುಧ ಪೂಜೆಗೆ ಇನ್ನೂ ಟೈಮ್ ಇದೆ" ಅಂದಿದ್ದ.

ಗಾಡಿ 1098 ಸಿಸಿ, ಪೆಟ್ರೋಲ್‌ಗೆ ಗಾಳಿ ಬೆರೆಸೋಕೆ ಒಂದೇ ಎಸ್‌ಯು ಕಾರ್ಬುರೇಟರ್. ಹಿಂದಿನ ಓನರ್ ಯಾವಾಗಲೋ ಒರಿಜಿನಲ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಯ್ಯೋ, ಹೊಗೆ ಹೊರಗೆ ಬಿಡೋ ಕೊಳವೆಗಳು) ತೆಗೆಸಿ, ಅಲ್ಯೂಮಿನಿಯಂ ಇನ್‌ಲೆಟ್ ಒಂದು ಕಡೆಯಿಂದ, ಎಗ್ಸಾಸ್ಟ್ ಇನ್ನೊಂದು ಕಡೆಯಿಂದ ತಂದು ಹಾಕಿಸಿದ್ದ. ಎಲ್ಲಾ ಕಥೆ ಶುರುವಾಗಿದ್ದೇ ಅಲ್ಲಿಂದ. ಆದರೆ ಅದು ಗೊತ್ತಾಗೋಕೆ ಎರಡು ವರ್ಷ ಹಿಡೀತು.

ಐಡ್ಲಿಂಗ್ ಏರೋದು, ಇಳಿಯೋದು. ತಣ್ಣಗಿದ್ದಾಗ ಕಾರ್ಬುರೇಟರ್ ಒಳಗೆ "ಪಟ್" ಅಂತ ಸೀನೋದು. ಚೋಕ್ ಸ್ವಲ್ಪ ಎಳೆದರೆ ಸರಿಯಾಗೋದು. ಹಳೇ ಗಾಡಿ ಇಟ್ಟವರಿಗೆಲ್ಲ ಗೊತ್ತಿರೋ ಲಕ್ಷಣಗಳೇ. ಏರ್ ಹಿಡೀತಿದೆ ಅಂತ ಎಲ್ಲರೂ ಹೇಳಿದರು. ಎಲ್ಲಿಂದ ಅಂತ ಒಬ್ಬರೂ ಹೇಳಲಿಲ್ಲ. ಪ್ಲಗ್ ಬದಲಾಯಿಸಿದ್ದಾಯ್ತು, ಕಂಡೆನ್ಸರ್ ಬದಲಾಯಿಸಿದ್ದಾಯ್ತು. ಹೊರದೇಶದಿಂದ ಕಾರ್ಬುರೇಟರ್ ಕಿಟ್ ತರಿಸಿದೆ. ಕೊರಿಯರ್, ಕಸ್ಟಮ್ಸ್ ಎಲ್ಲಾ ಸೇರಿ ಏಳು ಸಾವಿರದ ಹತ್ತಿರ ಹೋಯಿತು. ಜೆ.ಸಿ. ರೋಡ್‌ನಲ್ಲಿ ಮ್ಯಾನಿಫೋಲ್ಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಮೂರು ಸಲ ತಂದೆ. ಒಂದಕ್ಕಂತೂ ಎರಡೂ ಕಡೆ ಕೆಂಪು ಸಿಲಿಕೋನ್ ಬಳಿದು ಕೂರಿಸಿದೆ. ಎರಡು ವಾರ ಗಾಡಿ ರಾಜನ ಹಾಗೆ ಓಡಿತು. ಮೂರನೇ ವಾರ ಬಿಚ್ಚಿದರೆ ಪೆಟ್ರೋಲ್ ತಾಗಿದ ಕಡೆಯೆಲ್ಲ ಸಿಲಿಕೋನ್ ಉಬ್ಬಿ, ನೆನೆದ ಅವಲಕ್ಕಿ ಥರ ಕೈಗೆ ಬಂತು. ಇನ್‌ಲೆಟ್ ಕಡೆಗೆ ಅದನ್ನು ಬಳೀಬೇಡಿ.

ಓಡ್ತಿರೋ ಎಂಜಿನ್ ಮೇಲೆ ಸ್ಪ್ರೇ ಹೊಡೆದು, ಐಡ್ಲಿಂಗ್ ಬದಲಾಗೋ ಜಾಗ ಹುಡುಕೋದು ಎಲ್ಲರಿಗೂ ಗೊತ್ತು. ಆದರೆ ಈ ಎಂಜಿನ್‌ನಲ್ಲಿ ಇನ್‌ಲೆಟ್, ಎಗ್ಸಾಸ್ಟ್ ಎರಡೂ ಒಂದೇ ಕಡೆ ಅಲ್ವಾ? ಕಾದ ಎಗ್ಸಾಸ್ಟ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಒಂದು ಸಲ ಭಗ್ಗಂತ ಹತ್ತಿಕೊಂಡಿತು. ಎಡಗೈ ಕೂದಲು ಹೋಯಿತು, ಅಷ್ಟೇ ಪುಣ್ಯ. ಆಮೇಲೆ ನೀರು ಸ್ಪ್ರೇ ಮಾಡಿ ನೋಡಿದೆ. ಐಡ್ಲಿಂಗ್ ಒಂಚೂರು ಬದಲಾಗುತ್ತಿತ್ತು. ಜಾಗ ಮಾತ್ರ ಖಚಿತವಾಗಿ ಸಿಗಲಿಲ್ಲ.

ಸುಳಿವು ಕೊಟ್ಟಿದ್ದು ಪ್ಲಗ್‌ಗಳೇ. ಒಂದು, ಎರಡನೇದು ಕಂದು ಬಣ್ಣ. ಮೂರು, ನಾಲ್ಕನೇದು ಸುಣ್ಣ ಬಳಿದ ಹಾಗೆ ಬಿಳಿ, ಅಂದರೆ ಅಲ್ಲಿ ಗಾಳಿ ಜಾಸ್ತಿ. ಈ ಹೆಡ್‌ನಲ್ಲಿ ಮೂರಕ್ಕೂ ನಾಲ್ಕಕ್ಕೂ ಒಂದೇ ಇನ್‌ಲೆಟ್ ಪೋರ್ಟ್. ಕಾರ್ಬುರೇಟರ್‌ನ ಸ್ಪಿಂಡಲ್ (ಥ್ರಾಟಲ್ ತಿರುಗೋ ಕಡ್ಡಿ) ಹತ್ತಿರ ಲೀಕ್ ಆದರೆ ನಾಲ್ಕೂ ಬಿಳಿಯಾಗಬೇಕಿತ್ತು. ಅಂದರೆ ಲೀಕ್ ಹಿಂದಿನ ಪೋರ್ಟ್ ಹತ್ತಿರ. ಇದನ್ನು ಭಾಯ್‌ಗೆ ಹೇಳಿದರೆ, "ಕಾರ್ಬುರೇಟರೇ ಹೋಗಿದೆ ಸಾರ್, ಮಾರುತಿದು ಕೂರಿಸ್ಬಿಡೋಣ" ಅಂದ.

ಒಳಗೆ ಹೊಗೆ ತುಂಬಿದರೆ ಲೀಕ್ ಇರೋ ಕಡೆಯಿಂದ ಹೊರಗೆ ಬರಲೇಬೇಕು ಅಂತ ನನ್ನ ಲೆಕ್ಕ. ಹಾಲಿನ ಪುಡಿ ಡಬ್ಬ ಒಂದು ಮನೆಯಲ್ಲೇ ಇತ್ತು. ಶಿವಾಜಿನಗರದಲ್ಲಿ ಮೀನಿನ ತೊಟ್ಟಿಗೆ ಹಾಕೋ ಏರ್ ಪಂಪ್ ತಂದೆ, ಮುನ್ನೂರೈವತ್ತು ರೂಪಾಯಿ ಇರಬೇಕು. ಪಂಪಿನ ಗಾಳಿ ಡಬ್ಬದೊಳಗೆ, ಡಬ್ಬದ ಹೊಗೆ ಎರಡು ಮೀಟರ್ ಟ್ಯೂಬಿನಲ್ಲಿ ಮ್ಯಾನಿಫೋಲ್ಡ್‌ಗೆ. ಬ್ರೇಕ್ ಬೂಸ್ಟರ್‌ಗೆ ಅಂತ ಬಿಟ್ಟಿದ್ದ ಪ್ಲಗ್ ಬಿಚ್ಚಿ ಅಲ್ಲಿಗೇ ಟ್ಯೂಬ್ ಕೊಟ್ಟೆ. ಕಾರ್ಬುರೇಟರ್ ಬಾಯಿಗೆ ಸೈಕಲ್ ಟ್ಯೂಬ್ ಕಟ್ಟಿದೆ. ಒಳಗೆ ಕೆಂಡ ಇರುತ್ತೆ, ಹುಷಾರು. ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲ್ ಖಾಲಿ ಇರಬೇಕು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಬೇಕು.

ಮೊದಲು ಸಾಂಬ್ರಾಣಿ ಹಾಕಿದೆ. ಒಳ್ಳೇ ದಟ್ಟ ಹೊಗೆ, ಆದರೆ ಟ್ಯೂಬೆಲ್ಲ ಅಂಟಂಟು. ಸೊಳ್ಳೆ ಬತ್ತಿ ಹಾಕಿದೆ. ಹೊಗೆ ತೆಳು, ನನಗೆ ತಲೆನೋವು ದಪ್ಪ. ಕೊನೆಗೆ ಊದುಬತ್ತಿ. ಯಾವ ಊದುಬತ್ತಿ, ಎಷ್ಟು ಕಡ್ಡಿ, ಅಂಟು ಹಿಡಿಯೋಕೆ ಡಬ್ಬದ ಬಾಯಲ್ಲಿ ಏನು ತುರುಕಿದೆ ಅನ್ನೋದನ್ನು ನಾನೇ ಇಟ್ಕೊಳ್ತೀನಿ. ಹನ್ನೊಂದು ಡಬ್ಬ ಹಾಳು ಮಾಡಿ ಕಲಿತಿದ್ದು. ಮನೆಯವಳು ಬಾಗಿಲಲ್ಲಿ ನಿಂತು, "ಏನ್ರೀ, ದೇವರ ಮನೆ ಗ್ಯಾರೇಜಿಗೆ ಶಿಫ್ಟ್ ಆಯ್ತಾ?" ಅಂದಳು.

ಮೊದಲ ಸಲ ಹೊಗೆಯೆಲ್ಲ ಸೈಲೆನ್ಸರ್‌ನಲ್ಲಿ ಬಂತು. ವಾಲ್ವ್ ಹೋಗಿದೆ ಅಂದುಕೊಂಡು ಒಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಹೊಳೀತು. ಪಿಸ್ಟನ್‌ಗಳು ಟಿಡಿಸಿ (ಪೂರ್ತಿ ಮೇಲಿನ ತುದಿ) ಹತ್ತಿರ ನಿಂತಿದ್ದರೆ ಯಾವುದಾದರೂ ಒಂದು ಸಿಲಿಂಡರ್‌ನಲ್ಲಿ ಎರಡೂ ವಾಲ್ವ್ ತೆರೆದೇ ಇರ್ತವೆ. ಮೈನರ್‌ಗೆ ಎಂಜಿನ್ ತಿರುಗಿಸೋ ಹ್ಯಾಂಡಲ್ ಇದೆಯಲ್ಲ, ಕಾಲು ಸುತ್ತು ತಿರುಗಿಸಿದೆ. ಸೈಲೆನ್ಸರ್ ಹೊಗೆ ನಿಂತಿತು. ಅರ್ಧ ನಿಮಿಷಕ್ಕೆ ಹಿಂದಿನ ಪೋರ್ಟ್ ಕೆಳಗಿನ ಮೂಲೆಯಿಂದ ಒಂದು ಎಳೆ ಹೊಗೆ ಎದ್ದಿತು. ದಾರದಷ್ಟು ಸಣ್ಣ. ಟಾರ್ಚ್ ಅಡ್ಡ ಹಿಡಿದರೆ ಮಾತ್ರ ಕಾಣೋದು. ಸ್ಪಿಂಡಲ್ ಹತ್ತಿರವೂ ಸ್ವಲ್ಪ ಇತ್ತು.

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಇನ್‌ಲೆಟ್ ಒಂದನ್ನೇ ಲೇತ್ ಶಾಪ್‌ಗೆ ಒಯ್ದು ಫೇಸಿಂಗ್ ಮಾಡಿಸಿದೆ, ಅಂದರೆ ಕೂರೋ ಮುಖ ಸವೆಸಿ ಸಮ ಮಾಡಿಸಿದೆ, ಎಂಟುನೂರು ರೂಪಾಯಿ. ಹಾಕಿದರೆ ಲೀಕ್ ಇನ್ನೂ ಜಾಸ್ತಿ! ಇನ್‌ಲೆಟ್, ಎಗ್ಸಾಸ್ಟ್ ಎರಡನ್ನೂ ಒಂದೇ ದಪ್ಪ ವಾಷರ್ ಅಮುಕಿ ಹಿಡಿಯುತ್ತೆ. ಇನ್‌ಲೆಟ್ ಫ್ಲ್ಯಾಂಜ್ (ಎಂಜಿನ್‌ಗೆ ಕೂರೋ ಅಂಚು) ಮೊದಲೇ ತೆಳು, ಈಗ ಸುಮಾರು ಮುಕ್ಕಾಲು ಎಂಎಂ ಕಮ್ಮಿ. ವಾಷರ್ ಎಗ್ಸಾಸ್ಟ್ ಮೇಲೇ ಕೂತುಬಿಡ್ತಿತ್ತು, ಇನ್‌ಲೆಟ್‌ಗೆ ಹಿಡಿತವೇ ಇಲ್ಲ. ನಟ್ ಬಿಗಿ ಮಾಡಿದ ಮೇಲೂ ಇನ್‌ಲೆಟ್ ಮೇಲಿನ ವಾಷರ್ ಕೆಳಗೆ ಪೋಸ್ಟ್‌ಕಾರ್ಡ್ ಸಲೀಸಾಗಿ ಹೋಯಿತು. ಅದನ್ನು ನೋಡಿ ನಗು ಬಂತು, ಅಳುನೂ ಬಂತು.

ಆರು ಎಂಎಂ ಕಬ್ಬಿಣದಲ್ಲಿ ಹೊಸ ವಾಷರ್ ಮಾಡಿಸಿದೆ. ಎಗ್ಸಾಸ್ಟ್ ಮೇಲೆ ಕೂರುವ ಅರ್ಧವನ್ನು ಮಾತ್ರ ಕೂತು ಅರದಲ್ಲಿ ಉಜ್ಜಿ ಮೆಟ್ಟಿಲು ಮಾಡಿದೆ. ತಿರುಗದ ಹಾಗೆ ಪಂಚ್ ಗುರುತು ಹಾಕಿದೆ. ಹೊಸ ಪ್ಯಾಕಿಂಗ್, ಒಣದು, ಏನೂ ಬಳಿಯದೆ. ಎರಡು ಸಲ ಬಿಸಿ ಮಾಡಿ, ತಣ್ಣಗಾದ ಮೇಲೆ ಮತ್ತೆ ನಟ್ ಬಿಗಿ. ಹೊಗೆ ನಿಂತಿತು. ಮ್ಯಾನಿಫೋಲ್ಡ್ ಒಳಗಿನ ಎಳೆತವನ್ನು ಪಾದರಸದ ಇಂಚಿನಲ್ಲಿ ತೋರಿಸೋ ವ್ಯಾಕ್ಯೂಮ್ ಗೇಜ್ ಹನ್ನೆರಡರ ಸುತ್ತ ಕುಣೀತಿದ್ದದ್ದು ಹದಿನೈದೂವರೆಗೆ ಬಂದು ಅಲ್ಲಾಡದೆ ನಿಂತಿತು.

ಆದರೆ ಎಲ್ಲರೂ ಹೇಳೋದು ಹದಿನೆಂಟರ ಮೇಲೆ ಬರಬೇಕು ಅಂತ. ಇನ್ನೂ ಎಲ್ಲೋ ಲೀಕ್ ಇದೆ ಅಂತ ಮತ್ತೆ ಬೆನ್ನು ಹತ್ತಿದೆ. ಕಾರ್ಬುರೇಟರ್ ಬಾಡಿಗೆ ಬುಷ್ ಹಾಕಿಸಿ ಹೊಸ ಸ್ಪಿಂಡಲ್ ಕೂರಿಸಿದೆ, ಎರಡೂವರೆ ಸಾವಿರ. ಅರ್ಧ ಇಂಚು ಏರಿತು, ಅಷ್ಟೇ. ಗೇಜೇ ಸರಿಯಿಲ್ಲ ಅನ್ನಿಸಿ ಅದನ್ನು ಬ್ಯಾಗಲ್ಲಿ ಹಾಕಿಕೊಂಡು ಚೆನ್ನೈಗೆ ಹೋದಾಗ ನನ್ನ ಷಡ್ಡಕನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಹಚ್ಚಿ ನೋಡಿದೆ. ಹತ್ತೊಂಬತ್ತು! ಅವನು ಮೀಸೆ ತಿರುವಿದ. ವಾಪಸ್ ರೈಲಿನಲ್ಲಿ ಬರುವಾಗ ತಲೆಗೆ ಹೋಯಿತು. ಬೆಂಗಳೂರು ಸಮುದ್ರದಿಂದ ಮೂರು ಸಾವಿರ ಅಡಿ ಮೇಲಿದೆ. ಸಾವಿರ ಅಡಿಗೆ ಹೆಚ್ಚುಕಮ್ಮಿ ಒಂದು ಇಂಚು ಕಳೀಬೇಕು. ನನ್ನ ಹದಿನಾರು ಅಂದರೆ ಅವನ ಹತ್ತೊಂಬತ್ತೇ. ಖಾತ್ರಿ ಮಾಡಿಕೊಳ್ಳೋಕೆ ಮುಂದಿನ ಭಾನುವಾರ ನಂದಿ ಬೆಟ್ಟಕ್ಕೆ ಹೋದೆ. ಮೇಲೆ ಗೇಜ್ ಹದಿನಾಲ್ಕು ಚಿಲ್ಲರೆ ತೋರಿಸಿತು. ಕೆಳಗಿಳಿದರೆ ಮತ್ತೆ ಹದಿನಾರು.

ಎಲ್ಲಾ ಮುಗಿದ ಮೇಲೆ ಟ್ಯೂನಿಂಗ್ ಮತ್ತೆ ಮೊದಲಿಂದ. ಲೀಕ್ ಮುಚ್ಚಿಹಾಕೋಕೆ ಪೆಟ್ರೋಲ್ ಹೆಚ್ಚು ಬಿಡೋ ಹಾಗೆ ಕಾರ್ಬುರೇಟರ್‌ನ ಜೆಟ್ ನಟ್ಟನ್ನು ಇಪ್ಪತ್ತು ಫ್ಲ್ಯಾಟ್‌ವರೆಗೂ (ಆರು ಫ್ಲ್ಯಾಟ್‌ಗೆ ಒಂದು ಸುತ್ತು) ಇಳಿಸಿದ್ದರು. ಈಗ ಹದಿಮೂರರ ಹತ್ತಿರ ಇದೆ. ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲ್‌ಗೆ ಅಂತ ಒಂದು ಫ್ಲ್ಯಾಟ್ ಜಾಸ್ತಿ ಬಿಟ್ಟಿದ್ದೀನಿ. ಮೈಲೇಜ್ ಲೀಟರಿಗೆ ಒಂಬತ್ತು ಕಿಲೋಮೀಟರ್‌ನಿಂದ ಹನ್ನೆರಡಕ್ಕೆ ಬಂತು. ಒಟ್ಟು ಖರ್ಚು ಇಪ್ಪತ್ತು ಸಾವಿರದ ಹತ್ತಿರ. ಕೆಲಸಕ್ಕೆ ಬಂದಿದ್ದು ಅದರಲ್ಲಿ ಎರಡು ಸಾವಿರವೂ ಇಲ್ಲ.

ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಡಯಾಫ್ರಾಂ (ಒಳಗಿನ ಪೊರೆ) ಇನ್ನೂ ತೂತೇ. ಪೈಪಿಗೆ ಬಾಯಿಟ್ಟು ಎಳೆದರೆ ನಾಲಿಗೆ ಹಿಡಿಯೋದಿಲ್ಲ. ಸದ್ಯಕ್ಕೆ ಪೈಪಿನ ಬಾಯಿಗೆ ಒಂದು ಸ್ಕ್ರೂ ತುರುಕಿ ಓಡಿಸ್ತಿದ್ದೀನಿ. ಶಿವಾಜಿನಗರದ ಗುಜರಿಯಲ್ಲಿ ಒಂದು ಸಿಕ್ಕಿದೆ, ಆರುನೂರು ಹೇಳ್ತಿದ್ದಾನೆ. ನಾನೂರಕ್ಕೆ ನಿಂತಿದ್ದೀನಿ.