ಹೆಸರು ಮುಚ್ಚಿ ಓದಿದಾಗ

‘ಚೆನ್ನಾಗಿ ಆಡಿದಳು. ಎಲ್ಲರೊಂದಿಗೆ ಬೆರೆಯುತ್ತಾಳೆ. ಚುರುಕಾಗಿದ್ದಾಳೆ.’ ನಮ್ಮ ಅಂಗನವಾಡಿಯ ಮಕ್ಕಳ ಬಗ್ಗೆ ಮೊದಲ ಮೂರು ವರ್ಷ ನಾನು ಬರೆದದ್ದು ಇಷ್ಟೇ. ಒಂದು ದಿನ ಮೇಲ್ವಿಚಾರಕಿಯವರು ಪುಸ್ತಕ ತೆರೆದು, ಹೆಸರಿದ್ದ ಜಾಗಕ್ಕೆ ಹೆಬ್ಬೆರಳಿಟ್ಟು, ‘ಇದು ಯಾವ ಮಗು, ಹೇಳಿ’ ಎಂದರು. ನನಗೆ ಹೇಳಲಾಗಲಿಲ್ಲ. ಇನ್ನೊಂದು ಪುಟ ತಿರುಗಿಸಿದರು. ಅಲ್ಲಿಯೂ ಅದೇ ಮೂರು ಸಾಲು. ಅವರು ಬೈಯಲಿಲ್ಲ. ಮೊಟ್ಟೆಯ ಲೆಕ್ಕ ನೋಡಿ, ಸಹಿ ಹಾಕಿ ಹೊರಟರು. ನನಗೆ ಮಾತ್ರ ರಾತ್ರಿ ಊಟಕ್ಕೆ ಕೂತಾಗಲೂ ಆ ಹೆಬ್ಬೆರಳೇ ಕಾಣುತ್ತಿತ್ತು.

ನನ್ನ ಕೇಂದ್ರದಲ್ಲಿ ಮೂರರಿಂದ ಆರು ವರ್ಷದೊಳಗಿನ 22 ಮಕ್ಕಳಿದ್ದಾರೆ. ಹಾಲು, ಊಟ, ತೂಕ, ಗರ್ಭಿಣಿಯರ ಊಟ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬುವುದು; ಇವುಗಳ ನಡುವೆ ಕೂತು ಪುಟಗಟ್ಟಲೆ ಬರೆಯುವುದು ಆಗದ ಮಾತು. ದಿನಕ್ಕೆ ಇಬ್ಬರು ಎಂದು ಹಂಚಿಕೊಂಡೆ. ಹನ್ನೊಂದು ಕೆಲಸದ ದಿನಗಳಿಗೆ ಒಂದು ಸುತ್ತು ಮುಗಿಯುತ್ತದೆ. ಬರೆಯಲು ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ಇದೆ: ಹಿಂಬದಿ ಖಾಲಿ, ತಾರೀಖು ಅಚ್ಚಾಗಿಯೇ ಬಂದಿರುತ್ತದೆ. ಬೆಳಿಗ್ಗೆಯೇ ಅಂದಿನ ಹಾಳೆಯನ್ನು ಹರಿದು ಹಾಜರಿ ಪುಸ್ತಕಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ‘ಟೀಚರ್, ನಮ್ಮ ಗೋಡೆಯ ಮೇಲೆ ಯಾವಾಗಲೂ ನಾಳೆಯೇ ಇರುತ್ತದಲ್ಲ’ ಎಂದು ಸಹಾಯಕಿ ಅಕ್ಕನ ತಕರಾರು.

ಒಬ್ಬ ಹುಡುಗಿಯನ್ನು ಪುಟ್ಟಿ ಎಂದು ಕರೆಯೋಣ. ನಾಲ್ಕು ವರ್ಷ. ಹುಣಸೆ ಬೀಜ ಎಣಿಸುತ್ತ ಕೂತಿದ್ದಳು. (ಮೂಗಿಗೆ ಬೀಜ ತುರುಕಿಕೊಳ್ಳುವವರು ಇದ್ದೇ ಇರುತ್ತಾರೆ, ಅವಳಿಗಿಂತ ಚಿಕ್ಕವರ ಕೈಗೆ ನಾನು ಬೀಜ ಕೊಡುವುದಿಲ್ಲ.) ಹಿಂದಿನ ನಾನಾಗಿದ್ದರೆ ‘ಹತ್ತರವರೆಗೆ ಎಣಿಸುತ್ತಾಳೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಆ ದಿನದ ಹಾಳೆಯಲ್ಲಿ ಹೀಗಿದೆ: ‘ಏಳು ಬೀಜ, ವೃತ್ತವಾಗಿ ಇಟ್ಟಿದ್ದಾಳೆ. ಬೆರಳಿಟ್ಟು ಎಣಿಕೆ. ಶುರು ಮಾಡಿದ ಬೀಜಕ್ಕೆ ಮರಳಿ ಬಂದರೂ ನಿಲ್ಲಿಸಲಿಲ್ಲ. ಹತ್ತಕ್ಕೆ ನಿಂತಳು. ಎಷ್ಟಿವೆ ಎಂದು ಕೇಳಿದೆ. ಮತ್ತೆ ಒಂದು, ಎರಡು ಎಂದು ಶುರು.’

ಅಂಕೆಗಳ ಹೆಸರು ಅವಳಿಗೆ ಹಾಡಿನಷ್ಟು ಸರಾಗ. ಒಂದು ಬೀಜಕ್ಕೆ ಒಂದೇ ಹೆಸರು ಎಂಬುದು ಇನ್ನೂ ಕೈಗೆ ಹತ್ತಿರಲಿಲ್ಲ. ಕೊನೆಗೆ ಹೇಳಿದ ಅಂಕೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂಬುದೂ ಹೊಳೆದಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ಮರುದಿನ ಬೀಜಗಳ ಪಕ್ಕದಲ್ಲಿ ಎರಡು ತೆಂಗಿನ ಕರಟ ಇಟ್ಟೆ, ಅಷ್ಟೇ. ಅವಳ ಮುಂದಿನ ಸರದಿಯ ಹಾಳೆ: ‘ಒಂದು ಕರಟದಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತ ಎಣಿಸಿದಳು. ಆರು. ಎಷ್ಟು ಎಂದು ಕೇಳಿದೆ. ಆರು ಎಂದೆನಲ್ಲ!’ ಆ ‘ಎಂದೆನಲ್ಲ’ದೊಳಗಿನ ಸಿಟ್ಟಿಗೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿನವರಿಗೆ ಪರೀಕ್ಷೆ ಸಲ್ಲದು, ಮಗುವನ್ನೂ ಮಗು ಮಾಡಿದ್ದನ್ನೂ ಗಮನಿಸಿ ಎನ್ನುತ್ತದೆ. ಆ ಮಾತು ಮೊದಲು ಕಿವಿಗೆ ಬಿದ್ದಾಗ ಸುಮ್ಮನೆ ತಲೆಯಾಡಿಸಿದ್ದೆ.

ಮಕ್ಕಳ ಮಾತನ್ನು ಅವರು ಆಡಿದಂತೆಯೇ ಬರೆಯಬೇಕು ಎಂಬುದನ್ನು ಒಂದು ತಪ್ಪಿನಿಂದ ಕಲಿತೆ. ‘ನಿನ್ನೆ ಅಜ್ಜಿ ಮನೆಗೆ ಹೋಗುತ್ತೇನೆ’ ಎಂದ ಮಗುವಿನ ಮಾತನ್ನು ನಾನು ‘ನಾಳೆ’ ಎಂದು ಸರಿಪಡಿಸಿ ಬರೆದಿದ್ದೆ. ಬರೆಯಬೇಕಾದದ್ದು ಆ ‘ನಿನ್ನೆ’ಯನ್ನೇ.

ಇದಕ್ಕಿಂತ ದೊಡ್ಡ ತಪ್ಪೂ ಆಗಿದೆ. ನಮ್ಮಲ್ಲಿ ಬಸ್ಸಿನ ಆಟ ಜೋರು. ಸ್ಟೀಲ್ ತಟ್ಟೆಯೇ ಸ್ಟೀರಿಂಗ್, ಹೊಂಗೆ ಎಲೆಯೇ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಟದ ನಿಯಮವೂ ಬದಲಾಯಿತು. ಹುಡುಗಿಯರು ಒಂದು ಎಲೆ ತೋರಿಸಿ ‘ಆಧಾರ್’ ಎನ್ನುತ್ತಾರೆ, ಕಂಡಕ್ಟರ್ ಇನ್ನೊಂದು ಎಲೆಯ ಮೇಲೆ ಕಡ್ಡಿಯಿಂದ ಸೊನ್ನೆ ಗೀಚಿ ಕೊಡುತ್ತಾನೆ. ಒಂದೇ ಮರದ ಎರಡು ಎಲೆ. ಒಂದು ಗುರುತಿನ ಚೀಟಿ, ಇನ್ನೊಂದು ಟಿಕೆಟ್. ಯಾರೂ ಗೊಂದಲಪಡುವುದಿಲ್ಲ. ಒಂದು ವಸ್ತು ಇನ್ನೊಂದನ್ನು ಸೂಚಿಸಬಲ್ಲದು ಎಂಬ ಈ ತಿಳಿವಳಿಕೆಯೇ ಮುಂದೆ ಅಕ್ಷರಕ್ಕೂ ಬೇಕಾಗುವುದು.

ಆ ಬಸ್ಸಿಗೆ ಒಬ್ಬ ಹುಡುಗ ಹತ್ತುತ್ತಲೇ ಇರಲಿಲ್ಲ. ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ‘ಯಾರೊಂದಿಗೂ ಸೇರುವುದಿಲ್ಲ, ಅಂಜುಬುರುಕ’ ಎಂದು ಬರೆದೆ. ಬರೆದದ್ದು ಸಾಲದು ಎಂಬಂತೆ ಪೋಷಕರ ಸಭೆಯಲ್ಲಿ ಅವನ ತಾಯಿಗೂ ಹೇಳಿದೆ. ಆಕೆಯ ಮುಖ ಸಣ್ಣದಾಯಿತು. ಮರುದಿನ ಹುಡುಗನನ್ನು ಕರೆತಂದದ್ದು ಅಜ್ಜಿ. ‘ಏನಮ್ಮ, ನಮ್ಮ ಹುಡುಗ ಅಂಜುಬುರುಕನೇ? ಮನೆಯಲ್ಲಿ ದಿನಾ ಸಂಜೆ ನನ್ನನ್ನು ಮಂಚದ ಮೇಲೆ ಕೂರಿಸಿ ಟಿಕೆಟ್ ಕೊಡುತ್ತಾನೆ. ಎಲೆ ತೋರಿಸದಿದ್ದರೆ ಇಳಿಸಿಬಿಡುತ್ತಾನೆ’ ಎಂದರು.

ಅವನು ನಿಂತು ಕಲಿಯುತ್ತಿದ್ದ. ಮಿಲ್ಡ್ರೆಡ್ ಪಾರ್ಟೆನ್ ಎಂಬ ಅಮೆರಿಕದ ಸಂಶೋಧಕಿ 1932ರಲ್ಲೇ ಮಕ್ಕಳ ಆಟದ ಬಗೆಗಳನ್ನು ಪಟ್ಟಿ ಮಾಡುವಾಗ, ಬೇರೆಯವರ ಆಟವನ್ನು ನೋಡುತ್ತ ನಿಲ್ಲುವುದಕ್ಕೂ ಒಂದು ಜಾಗ ಕೊಟ್ಟಿದ್ದರಂತೆ. ಅದನ್ನು ನಾನು ಓದಿದ್ದು ಆಮೇಲೆ. ಅಂದಿನಿಂದ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮೇಲೆ. ನನಗೆ ಅನಿಸಿದ್ದು ಕೆಳಗೆ, ಅದೂ ಪ್ರಶ್ನೆಯ ಚಿಹ್ನೆಯೊಂದಿಗೆ. ‘ಕಂಬಕ್ಕೆ ಒರಗಿ ಹತ್ತು ನಿಮಿಷ ನೋಡಿದ. ಕಂಡಕ್ಟರ್ ಸೀಟಿ ಊದಿದಾಗಲೆಲ್ಲ ಇವನ ತುಟಿಯೂ ಗುಂಡಗಾಯಿತು’ ಎಂಬುದು ಮೇಲಿನ ಸಾಲು. ಆ ತುಟಿಯನ್ನು ಮೊದಲ ಸಲ ನಾನು ನೋಡಿಯೇ ಇರಲಿಲ್ಲ. ತಾಯಿಯ ಬಳಿ ಕ್ಷಮೆ ಕೇಳಿದೆ. ಹಾಳೆ ತೋರಿಸಿಯೇ ಕೇಳಿದೆ.

ಎಲ್ಲ ದಿನವೂ ಹೀಗೆ ನಡೆಯುತ್ತದೆ ಎಂದಲ್ಲ. ಲಸಿಕೆಯ ದಿನ, ತೂಕದ ದಿನ, ಸಹಾಯಕಿ ಅಕ್ಕ ರಜೆ ಹಾಕಿದ ದಿನ ಪೆನ್ನು ಕೈಗೇ ಬರುವುದಿಲ್ಲ. ಮೊದಲೆಲ್ಲ ಸಂಜೆ ಮನೆಯಲ್ಲಿ ಕೂತು ನೆನಪಿನಿಂದ ತುಂಬಿಸುತ್ತಿದ್ದೆ. ಓದಿ ನೋಡಿದರೆ ಮತ್ತೆ ಅದೇ ‘ಚೆನ್ನಾಗಿ ಆಡಿದಳು’. ಈಗ ಅಂಥ ದಿನದ ಹಾಳೆಯನ್ನು ಖಾಲಿಯಾಗಿಯೇ ಉಳಿದ ಹಾಳೆಗಳ ಕಟ್ಟಿನೊಳಗೆ ಸೇರಿಸುತ್ತೇನೆ. ಈ ತಿಂಗಳು ಅಂಥವು ಏಳು.